ಎದುರು ಬದಿಯ ಅಂಗಿ

ಕೂತಲ್ಲಿ ಕೂರುವ ಜನ್ಮ ನನ್ನದಲ್ಲ. ಊಟದ ಮಧ್ಯೆ ಎದ್ದು ಅಂಗಳ ನೋಡಿ ಬರುವವನು. ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕರೂ ಕುಂದಾಪುರದಿಂದ ಬೈಂದೂರಿನವರೆಗೆ ಬಾಗಿಲ ಬಳಿ ನಿಂತೇ ಬಂದದ್ದಿದೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವ ಎಂದು ಅಮ್ಮ ಬೈಯುತ್ತಿದ್ದಳು. ಇಂಥವನಿಗೆ ಕ್ರಿಕೆಟ್ಟಿನ ಹುಚ್ಚು ಹಿಡಿಯಬಾರದಿತ್ತು. ಹಿಡಿಯಿತು.

1997ರ ಹೊತ್ತಿಗೆ ಬೈಂದೂರಿನ ಹೆದ್ದಾರಿ ಪಕ್ಕದಲ್ಲಿ ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ಕಿರಿಮಂಜೇಶ್ವರದ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಬಂದು ಬಾಗಿಲು ತೆರೆದರೆ, ಮುಂಬೈಗೆ ಫೋನು ಮಾಡುವವರ ಸಾಲು. ಬೂತಿನ ಗೋಡೆಗೆ ಗೋಡೆ ತಾಗಿದ ಹಾಗೆ ಒಂದು ಟೈಲರ್ ಅಂಗಡಿ. ಟೈಲರ್ ಬಹಳ ಕಾಲ ಮುಂಬೈಯಲ್ಲಿ ಹೊಲಿದು ಬಂದವನು. ಕತ್ತರಿ ಹಾಗೂ ಇಸ್ತ್ರಿಪೆಟ್ಟಿಗೆಯ ಜೊತೆಗೆ ಒಂದು ಸಣ್ಣ ಟಿವಿಯನ್ನೂ ಒಂದಿಷ್ಟು ಹಿಂದಿಯನ್ನೂ ಅಲ್ಲಿಂದ ತಂದಿದ್ದ. ಅಂಗಡಿಯ ಎದುರು ಉದ್ದದ ಬೆಂಚು. ಆಟ ಇದ್ದ ದಿನ ಆ ಬೆಂಚೇ ನಮ್ಮ ಸ್ಟೇಡಿಯಂ.

ಬೆಂಚಿಗೆ ಬಂದು ಹೋಗುವವರು ಎಷ್ಟೋ ಮಂದಿ. ಕಾಯಂ ಸದಸ್ಯರು ನಾವು ನಾಲ್ವರು. ಮೊದಲನೆಯವನು ಟೈಲರ್. ಎರಡನೆಯವನು ಕುಂದಾಪುರದ ಕೋಡಿಯ ಒಬ್ಬ ಮೀನು ಲಾರಿ ಡ್ರೈವರ್. ಹೆಂಡತಿಯ ಮನೆ ಬೈಂದೂರಿನಲ್ಲಿದ್ದುದರಿಂದ ಆಟದ ದಿನ ಅವನ ಲಾರಿಗೆ ಏನಾದರೊಂದು ರಿಪೇರಿ ಬಂದು ಇಲ್ಲೇ ನಿಲ್ಲುತ್ತಿತ್ತು. ಮೂರನೆಯವರು ಸಾಯ್ಬ್ರು, ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಕೊಡೆ, ಚಪ್ಪಲಿಯ ಅಂಗಡಿ ಇಟ್ಟವರು, ಶುಕ್ರವಾರ ನಮಾಜಿನ ಹೊತ್ತಿಗೆ ಅದರ ಬಾಗಿಲು ಹಾಕುವವರು. ನಾಲ್ಕನೆಯವನು ಈ ಅವಸರದ ಪ್ರಾಣಿ.

ಸಾಯ್ಬ್ರು ಪ್ರಾಯದಲ್ಲಿ ಎಡಗೈ ಬೌಲರ್. ಕೋಡಿಯ ಸಮುದ್ರದ ಹಸಿ ಮರಳಿನಲ್ಲಿ ಟೆನಿಸ್ ಚೆಂಡಿನಲ್ಲಿ ಆಡಿ ಬೆಳೆದವರು. ಹಸಿ ಮರಳಿನಲ್ಲಿ ಚೆಂಡು ಪುಟಿಯುವುದಿಲ್ಲ. ಎಲ್ಲಿ ಬಿತ್ತೋ ಅಲ್ಲೇ ಸಾಯುತ್ತದೆ. ಹಾಗಾಗಿ ಅಲ್ಲಿಯ ಬೌಲರನಿಗೆ ಗೆಲ್ಲುವ ದಾರಿ ಒಂದೇ, ಬ್ಯಾಟಿನ ಬುಡಕ್ಕೇ ಎಸೆಯುವುದು. ಲೋಕವೆಲ್ಲ ಅದನ್ನು ಯಾರ್ಕರ್ ಅನ್ನುತ್ತದೆ. ಸಾಯ್ಬ್ರ ಬಾಯಲ್ಲಿ ಅದು 'ಬುಡದ ಬಾಲ್'. ಟಿವಿಯಲ್ಲಿ ಯಾರಾದರೂ ಅಂಥದ್ದೊಂದು ಎಸೆದರೆ ಅವರ ಎಡಗೈ ತೊಡೆಯ ಮೇಲೆ ತಾನಾಗಿಯೇ ಒಮ್ಮೆ ತಿರುಗುತ್ತಿತ್ತು.

ನನಗೆ ಬೆಂಚಿನಲ್ಲಿ ಒಂದು ಹುದ್ದೆ ಸಿಕ್ಕಿದ್ದು ಆ ವರ್ಷವೇ. ಆಟದ ಮಧ್ಯೆ ನಾನು ಎದ್ದು ಹೆದ್ದಾರಿಗೆ ಹೋಗುತ್ತಿದ್ದೆ, ಬಸ್‌ಸ್ಟ್ಯಾಂಡ್ ತನಕ ನಡೆದು ತಿರುಗಿ ಬರುತ್ತಿದ್ದೆ. ನಾನು ಬೆಂಚಿಗೆ ಬಂದು ಕೂತು 'ಹೊಡಿ' ಎಂದ ಕೂಡಲೇ ನಮ್ಮವರ ವಿಕೆಟ್ ಹಾರುತ್ತಿತ್ತು. ಒಮ್ಮೆ ಆದರೆ ಹೋಗಲಿ, ಮತ್ತೆ ಮತ್ತೆ ಹೀಗೇ ಆಯಿತು. ಡ್ರೈವರನಿಗೆ ಕೋಳಿಪಡೆಯ, ಅಂದರೆ ಕೋಳಿ ಕಾಳಗದ, ಅನುಭವ ಜಾಸ್ತಿ. ನಾನು ಯಾವ ಹುಂಜದ ಬದಿ ನಿಂತರೂ ಅದು ರೆಕ್ಕೆ ಕೆದರಿ ಸಾಯುವುದನ್ನು ಅವನು ಕಂಡವನು. ಕೋಳಿಪಡೆಯಲ್ಲಿ ಇಂಥ ಸೋಲಿನ ಕೈಯವರಿಗೆ ಒಂದು ಉಪಯೋಗವಿದೆ: ಅವರನ್ನು ಪುಸಲಾಯಿಸಿ ಎದುರು ಹುಂಜದ ಬದಿಗೆ ನಿಲ್ಲಿಸುತ್ತಾರೆ. ಡ್ರೈವರ್ ಆ ಶಾಸ್ತ್ರವನ್ನೇ ಬೆಂಚಿಗೆ ತಂದ.

"ಹ್ವಾಯ್, ಇವ ಯಾರ್ ಬದಿ ನಿಂತ್ರೂ ಅವ್ರ್ ಸೋಲ್ತ್ರ್ ಅಲ್ದಾ? ಹಾಂಗಾರೆ ಇವ್ನ ಪಾಕಿಸ್ತಾನದ್ ಬದಿಗ್ ನಿಲ್ಸುವ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ಟೈಲರ್ ಕೆಲಸದಲ್ಲೂ ನಂಬಿಕೆಯಲ್ಲೂ ಅಳತೆ ತಪ್ಪುವವನಲ್ಲ. "ಅರೆ ಬಾಬಾ, ಬರೀ ಬಾಯಲ್ಲ್ ಹೇಳ್ರೆ ಆತಿಲ್ಲೆ. ದಿಲ್ ಸೆ ಬರ್ಕ್" ಎಂದ. ಅಂದರೆ ನಾನು ಮನಸಾರೆ ಎದುರು ಪಕ್ಷವನ್ನು ಬಯಸಬೇಕು. ನಮ್ಮ ವಿಕೆಟ್ ಬಿದ್ದರೆ ಚಪ್ಪಾಳೆ ತಟ್ಟಬೇಕು. ಮನಸ್ಸು ಬರಲೆಂದು ಅವನು ಶಾಲೆಯ ಯೂನಿಫಾರಂ ಹೊಲಿದು ಉಳಿದ ಬಟ್ಟೆಯಲ್ಲಿ ನನಗೊಂದು ಹಸಿರು ಅಂಗಿ ಹೊಲಿದುಕೊಟ್ಟ. ಆಟ ಮುಗಿದ ಮೇಲೆ ಅದನ್ನು ಕಳಚಿ ಅವನ ಅಂಗಡಿಯ ಮೊಳೆಗೆ ತೂಗುಹಾಕಿ ಹೋಗುವುದು ನಿಯಮ. ಹೀಗೆ ದೇಶಕ್ಕಾಗಿ ನಾನು ಪಾಕಿಸ್ತಾನದ ಅಭಿಮಾನಿಯಾದೆ. ನಗಬೇಡಿ, ನಮ್ಮ ಬೆಂಚಿಗೆ ಅದು ದೇಶಸೇವೆಯೇ.

ಎದುರು ಬದಿಯಲ್ಲಿ ಕೂತು ನೋಡಿದ ಮೇಲೆ ನನಗೆ ನಮ್ಮ ಬೆಂಚಿನ ಭಾಷೆ ಬೇರೆಯೇ ಆಗಿ ಕೇಳತೊಡಗಿತು. ಹಳೆಯ ಚೆಂಡು ಅವರ ಕೈಯಲ್ಲಿ ತಿರುಗಿದರೆ 'ಬಾಲ್ ಕೆರೆದಿದ್ರ್', ನಮ್ಮವರ ಕೈಯಲ್ಲಿ ತಿರುಗಿದರೆ 'ರಿವರ್ಸ್ ಸ್ವಿಂಗ್'. ಅಂಚಿಗೆ ತಾಗಿ ಚೆಂಡು ಬೌಂಡರಿಗೆ ಹೋದರೆ ಅವರದ್ದು 'ಲಾಟ್ರಿ', ನಮ್ಮವರದ್ದು 'ಪ್ಲೇಸ್ಮೆಂಟ್'. ಅವರು ಅಂಪಾಯರನ ಕಡೆ ಕೈಯೆತ್ತಿ ಕೂಗಿದರೆ ಧಿಮಾಕು, ನಮ್ಮವರು ಕೂಗಿದರೆ ಹುಮ್ಮಸ್ಸು. ಶಂಖದಿಂದ ಬಿದ್ದರೇ ತೀರ್ಥ ಅನ್ನುವುದು ಸುಮ್ಮನೆ ಅಲ್ಲ. ಹಸಿರು ಅಂಗಿಯ ಬಲದಿಂದ ನಾನು ಈ ಶಬ್ದಗಳನ್ನೆಲ್ಲ ತಿರುವಿ ಹಾಕುತ್ತಿದ್ದೆ. ನಮ್ಮವರ ಬೌಂಡರಿಗೆ 'ಲಾಟ್ರಿ!' ಎಂದು ಕೂಗಿ ಬೆನ್ನಿಗೆ ಗುದ್ದು ತಿನ್ನುತ್ತಿದ್ದೆ.

ಸಾಯ್ಬ್ರು ಈ ಶಬ್ದಯುದ್ಧಕ್ಕೆ ಬಾಯಿ ಹಾಕುತ್ತಿರಲಿಲ್ಲ. ಆಸ್ಟ್ರೇಲಿಯಾದವನು ಒಳ್ಳೆಯ ಚೆಂಡು ಎಸೆದರೆ ಮೆಚ್ಚುತ್ತಿದ್ದರು, ವೆಸ್ಟ್ ಇಂಡೀಸಿನವನು ಎಸೆದರೆ ಎದ್ದು ನಿಲ್ಲುತ್ತಿದ್ದರು. ಪಾಕಿಸ್ತಾನದ ಆಟದ ದಿನ ಮಾತ್ರ ಬೆಂಚಿನ ಕೊನೆಯಲ್ಲಿ ಕೈಕಟ್ಟಿ ಕೂರುತ್ತಿದ್ದರು. ನಾವು ಗೆದ್ದರೆ ಮೊದಲ ಪಟಾಕಿ ಅವರದ್ದೇ. ಬೆಳಿಗ್ಗೆಯೇ ತಂದಿಟ್ಟ ಮಾಲೆ ಪಟಾಕಿಗೆ ಎಲ್ಲರಿಗಿಂತ ಮುಂಚೆ ಬೆಂಕಿ ಹಚ್ಚುತ್ತಿದ್ದರು. ಬೇರೆಯವರು ಒಂದು ಮಾಲೆ ಹೊಡೆದರೆ ಇವರು ಇನ್ನೊಂದು ತರುತ್ತಿದ್ದರು. ಸಾಯ್ಬ್ರಿಗೆ ದೇಶಾಭಿಮಾನ ಒಂದು ತೂಕ ಹೆಚ್ಚು ಎಂದು ನಾವು ಮೆಚ್ಚಿಕೊಳ್ಳುತ್ತಿದ್ದೆವು.

1999ರ ಮಳೆಗಾಲ. ಗಡಿಯಲ್ಲಿ ಯುದ್ಧ, ಇಂಗ್ಲೆಂಡಿನಲ್ಲಿ ವಿಶ್ವಕಪ್. ಪಾಕಿಸ್ತಾನದ ಜೊತೆಗಿನ ಆಟದ ದಿನ ಅಂಗಿ ಹಾಕಿಕೊಳ್ಳಲು ನನಗೇ ಹೆದರಿಕೆಯಾಯಿತು. "ಈಗ ಬ್ಯಾಡ, ಜನ ಎಂತ ಹೇಳ್ತ್ರೊ" ಎಂದೆ. ಟೈಲರ್ ಮೊಳೆಯಿಂದ ಅಂಗಿ ತೆಗೆದು ಕೊಡವಿ ಕೊಟ್ಟ. "ಈಗ್ಲೇ ಬೇಕಾದ್ದ್ ಮಾರಾಯ!" ನಾವು ಗೆದ್ದೆವು. ಜಡಿಮಳೆಯಲ್ಲೇ ಕುಣಿತ ಶುರುವಾಯಿತು. ಅಷ್ಟರಲ್ಲಿ ಹೆದ್ದಾರಿಯಲ್ಲಿ ಬಾವುಟ ಹಿಡಿದ ಹುಡುಗರ ಜೀಪೊಂದು ಗಕ್ಕನೆ ನಿಂತಿತು. ನಮ್ಮ ಊರಿನವರಲ್ಲ.

"ಯಾರಾ ಅದ್ ಹಸ್ರ್ ಅಂಗಿ?"

ಟೈಲರ್ ಮುಂದೆ ಹೋಗಿ ಕೋಳಿಪಡೆಯಿಂದ ಹಿಡಿದು ಇಡೀ ಕಥೆ ಹೇಳಿದ. ಜೀಪಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಇಳಿದು ಬಂದು ನನ್ನನ್ನು ತಬ್ಬಿ "ನಿಮ್ಮಂಥೋರ್ ಬೇಕ್ ಮಾರ್ರೆ" ಎಂದು ಬೆನ್ನು ತಟ್ಟಿ ಹೋದ. ನಾನು ತಿರುಗಿದಾಗ ಸಾಯ್ಬ್ರು ನೆನೆದ ಪಟಾಕಿಗೆ ಬೆಂಕಿ ಹಚ್ಚಲು ಒದ್ದಾಡುತ್ತ ಮಾಡಿನ ಕೆಳಗೆ ನಿಂತಿದ್ದರು. ಅವರು ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ಅಂಗಿಯನ್ನು.

ನಾಟಕದ ವೇಷ ಎಷ್ಟು ಕಾಲ ವೇಷವಾಗಿಯೇ ಇರುತ್ತದೆ? ಕೆಲವು ವರ್ಷ ಚಪ್ಪಾಳೆ ತಟ್ಟುತ್ತ ತಟ್ಟುತ್ತ ನನಗೆ ಅವರ ಬೌಲರುಗಳ ಓಟ, ಕೈಬೀಸು, ಸಿಟ್ಟು ಎಲ್ಲ ಬಾಯಿಪಾಠವಾಯಿತು. ಒಮ್ಮೆ ಅವರ ಒಂದು ಚೆಂಡಿಗೆ ನನ್ನ ಬಾಯಿಂದ 'ಆಹಾ' ಹೊರಟಿತು. ಅದು ಹುದ್ದೆಯ ಆಹಾ ಅಲ್ಲ, ನಿಜದ್ದು. ಆವತ್ತು ಮೂರು ಸಲ ಬಸ್‌ಸ್ಟ್ಯಾಂಡಿಗೆ ಹೋಗಿ ಬಂದರೂ ಸಮಾಧಾನವಾಗಲಿಲ್ಲ. ನಾನು ಯಾರ ಬದಿ? ನಾವು ಗೆದ್ದರೆ ಖುಷಿಯೇ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಚೆಂಡು ಚಂದವಿತ್ತಲ್ಲ! ಬೆಂಚಿನಲ್ಲಿ ಯಾರಿಗೂ ಹೇಳದೆ ಸಾಯ್ಬ್ರ ಅಂಗಡಿಗೆ ಹೋಗಿ ಹೇಳಿದೆ. ಅವರು ಕೊಡೆಯ ಕಡ್ಡಿಗೆ ದಾರ ಕಟ್ಟುತ್ತಿದ್ದರು.

"ನೀನ್ ಪುಣ್ಯಾತ್ಮ ಮಾರಾಯ. ನಿಂಗ್ ಹೇಳುಕಾತ್ತ್" ಎಂದರು.

ಹೇಳಲಾಗುವುದರಲ್ಲಿ ಏನು ಪುಣ್ಯ? ನಾನು ಅದನ್ನು ಚೇಷ್ಟೆ ಎಂದುಕೊಂಡು ನಕ್ಕು ಬಂದೆ.

2003ರ ವಿಶ್ವಕಪ್ಪಿನಲ್ಲಿ ನಮ್ಮ ಮತ್ತು ಪಾಕಿಸ್ತಾನದ ಆಟ ಶಿವರಾತ್ರಿಯ ದಿನವೇ ಬಿತ್ತು. ತಂಗಿಗೆ ನೋಡಿದ ಗಂಡಿನ ಮನೆ ಬ್ರಹ್ಮಾವರದಲ್ಲಿ, ಅವರು ಕರೆದದ್ದೂ ಅದೇ ದಿನ. ಆ ಮನೆಯಲ್ಲಿ ಟಿವಿ ಇತ್ತು, ಬಟ್ಟೆ ಹೊದೆಸಿ ಇಟ್ಟಿದ್ದರು. ನಾನು ಆ ಬಟ್ಟೆಯನ್ನೇ ನೋಡುತ್ತ ಪಾನಕ ಕುಡಿದೆ. ಮಾತು ಮುಗಿದದ್ದೇ ತಡ, ಸಿಕ್ಕ ಬಸ್ಸು ಹತ್ತಿದೆ. ಪಾಕಿಸ್ತಾನದ ಓಪನರ್ ಸೆಂಚುರಿ ಹೊಡೆದ ಸುದ್ದಿ ಕುಂದಾಪುರದಲ್ಲಿ ಸಿಕ್ಕಿತು. ಬೈಂದೂರಿನಲ್ಲಿ ಇಳಿದು ಓಡಿ ಬಂದಾಗ ನಮ್ಮವರು ಬ್ಯಾಟಿಂಗ್ ಶುರು ಮಾಡಿ ಚಚ್ಚುತ್ತಿದ್ದರು. ಬೆಂಚು ತುಂಬಿತ್ತು. ಆದರೆ ಕೊನೆಯ ಜಾಗ ಖಾಲಿ. ಯಾರೂ ಕೂಗುತ್ತಿರಲಿಲ್ಲ.

ನಡೆದದ್ದನ್ನು ಟೈಲರ್ ನನ್ನನ್ನು ಬೂತಿನ ಒಳಗೆ ಕರೆದು ಹೇಳಿದ. ಅವರ ಓಪನರ್ ಹೊಡೆಯುತ್ತಿದ್ದಾಗ ಡ್ರೈವರನಿಗೆ ತಡೆಯಲಾಗಲಿಲ್ಲ. ನಾನಿಲ್ಲ. ನನ್ನ ಕೈಗುಣ ಇಷ್ಟು ವರ್ಷದಲ್ಲಿ ಅಂಗಿಗೂ ಇಳಿದಿರಬೇಕೆಂದು ಅವನಿಗೆ ಹೊಳೆಯಿತು. ಮೊಳೆಯಿಂದ ಅಂಗಿ ತೆಗೆದು ಸಾಯ್ಬ್ರ ಎದುರು ಹಿಡಿದ.

"ಸಾಯ್ಬ್ರೇ, ಅವ ಬಪ್ದ್ ತಡ ಆತ್ತ್. ಅಷ್ಟೊತ್ತ್ ನೀವ್ ಹಾಯ್ಕಣಿ."

"ನಂಗ್ ಆತಿಲ್ಲೆ" ಎಂದರಂತೆ ಸಾಯ್ಬ್ರು.

"ಎಂತಕ್ ಆತಿಲ್ಲೆ? ಅವ್ನಿಗಾರೆ ಕಷ್ಟ. ನಿಮ್ಗ್ ಸುಲಭ ಅಲ್ದಾ?"

ಡ್ರೈವರ್ ಕೆಟ್ಟವನಲ್ಲ. ಸಾಯ್ಬ್ರ ತಾಯಿ ತೀರಿಕೊಂಡಾಗ ಲಾರಿಯ ಲೋಡು ಬಿಟ್ಟು ಬಂದವನು ಅವನೇ. ತಮಾಷೆಗೆಂದು ಬಾಯಿಗೆ ಬಂದದ್ದು ಬಾಯಿಂದ ಹೊರಟಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾರೋ ಇಬ್ಬರು ನಕ್ಕರಂತೆ. ಸಾಯ್ಬ್ರು ಎದ್ದು ಡ್ರೈವರನ ಕೈಯಿಂದ ಅಂಗಿ ತೆಗೆದುಕೊಂಡು, ಮಡಚಿ, ಹೊಲಿಗೆ ಮಷೀನಿನ ಮೇಲಿಟ್ಟು, ಚಪ್ಪಲಿ ಮೆಟ್ಟಿ ಹೋದರಂತೆ.

"ಮಡ್ಚಿ ಇಟ್ಟ್ ಹೋರ್ ಮಾರಾಯ" ಎಂದ ಟೈಲರ್, ಕೊರಳ ಅಳತೆ ಟೇಪನ್ನು ಎರಡೂ ಕೈಯಲ್ಲಿ ಎಳೆಯುತ್ತ. "ಎಸೆದಿದ್ರೆ ಸಮ ಆಯ್ತಿತ್ತ್."

ಆ ದಿನ ನಾನು ಅಂಗಿ ಹಾಕಲಿಲ್ಲ. ಹಾಕದೆಯೂ ನಾವು ಗೆದ್ದೆವು! ಕೋಳಿಪಡೆಯ ಶಾಸ್ತ್ರ ಬುಡಮೇಲಾಗಿತ್ತು, ಆದರೆ ಅದನ್ನು ಯಾರೂ ಎತ್ತಿ ಆಡಲಿಲ್ಲ. ಗೆದ್ದ ಕ್ಷಣಕ್ಕೆ ಸ್ಟೇಷನ್ ದಾರಿಯಲ್ಲಿ ಮಾಲೆ ಪಟಾಕಿ ಸಿಡಿಯಿತು. ಸಾಯ್ಬ್ರ ಅಂಗಡಿಯ ಎದುರು. ಒಬ್ಬರೇ. ಒಂದು ಮಾಲೆ ಮುಗಿಯಿತು, ಇನ್ನೊಂದು ಶುರುವಾಯಿತು. ನಾವು ಬೆಂಚಿನಲ್ಲಿ ಕೂತು ಕೇಳಿದೆವು. ಅಷ್ಟು ವರ್ಷ ಅವರು ಹೊಡೆಯುತ್ತಿದ್ದ ಪಟಾಕಿಯಲ್ಲಿ ಸಂತೋಷದ್ದೆಷ್ಟು, ಸಾಕ್ಷಿಯದ್ದೆಷ್ಟು ಎಂಬ ಯೋಚನೆ ನನಗೆ ಮೊದಲ ಸಲ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನೇ ಕಳ್ಳ ಅನ್ನುತ್ತಾರೆ. ಪ್ರತಿ ಆಟಕ್ಕೂ ಊರೆಲ್ಲ ಒಬ್ಬನ ಹೆಗಲನ್ನೇ ನೋಡುತ್ತಿದ್ದರೆ ಅವನು ಮುಟ್ಟಿಕೊಳ್ಳದೆ ಏನು ಮಾಡಬೇಕು?

ಆಮೇಲೆ ಸಾಯ್ಬ್ರು ಬೆಂಚಿಗೆ ಬರಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಮಾಡಬಹುದಿತ್ತು. ಅವರು ಯಾರ ಜೊತೆಗೂ ಮಾತು ಬಿಡಲಿಲ್ಲ. ಹಬ್ಬಕ್ಕೆ ಮಕ್ಕಳ ಬಟ್ಟೆ ಹೊಲಿಸಲು ಟೈಲರನ ಹತ್ತಿರವೇ ಬರುತ್ತಿದ್ದರು, ಅಳತೆ ಕೊಟ್ಟು ಹೋಗುತ್ತಿದ್ದರು. ಡ್ರೈವರ್ ಕ್ಷಮೆ ಕೇಳಲು ಬಾಯಿ ಬಾರದೆ ಆಗಾಗ ಬಂಗುಡೆಯ ಕಟ್ಟೊಂದನ್ನು ಅವರ ಅಂಗಡಿಯಲ್ಲಿ ಇಟ್ಟು ಓಡುತ್ತಿದ್ದ. ಅದನ್ನು ತೆಗೆದುಕೊಳ್ಳುತ್ತಿದ್ದರು, ಮರುದಿನ "ಮೀನ್ ತಾಜಾ ಇದ್ದಿತ್" ಎನ್ನುತ್ತಿದ್ದರು. ನಾನು ಕರೆದಾಗೆಲ್ಲ ಒಂದೇ ಉತ್ತರ: "ಅಂಗ್ಡಿ ಬಿಟ್ಟ್ ಬಪ್ಪುಕ್ ಆತಿಲ್ಲೆ ಮಾರಾಯ." ಆ ಸೌಜನ್ಯ ನನ್ನನ್ನು ಕೊರೆಯುತ್ತಿತ್ತು. ಒಂದು ಸಲ ಬೈದಿದ್ದರೆ ನಾನು ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದೆ.

ವರ್ಷಗಳು ಓಡಿದವು. ಎಸ್‌ಟಿಡಿ ಬೂತು ಝೆರಾಕ್ಸ್ ಆಯಿತು, ಆಮೇಲೆ ಮೊಬೈಲ್ ರೀಚಾರ್ಜ್ ಆಯಿತು. ಟೈಲರ್ ಬಣ್ಣದ ಟಿವಿ ತಂದ. ಇಪ್ಪತ್ತು ಓವರಿನ ಆಟ ಬಂತು, 'ಡಾಟ್ ಬಾಲ್', 'ಪವರ್ ಪ್ಲೇ' ಎಂಬ ಹೊಸ ಶಬ್ದಗಳು ಬಂದವು. ಒಂದು ಬೇಸಿಗೆಯಲ್ಲಂತೂ ವಿಚಿತ್ರವೇ ನಡೆಯಿತು. ನಗರಕ್ಕೊಂದು ತಂಡ ಮಾಡಿ ಆಡಿಸುವ ಪಂದ್ಯಾವಳಿಗೆ ಪಾಕಿಸ್ತಾನದ ಬೌಲರುಗಳನ್ನೂ ಕರೆಸಿದರು. ನಮ್ಮ ಡ್ರೈವರ್ ಎದ್ದು ನಿಂತು ಅವರಲ್ಲೊಬ್ಬನಿಗೆ ಶಿಳ್ಳೆ ಹೊಡೆದ. "ಈಗ ಅವ ನಮ್ಮವ್ನೇ ಅಲ್ದಾ!" ನಾನು ಬೂತು ಬಿಟ್ಟು ಸಾಯ್ಬ್ರ ಅಂಗಡಿಗೆ ಓಡಿದೆ. "ಈಗ ಬನ್ನಿ, ಈಗ ಎಲ್ರೂ ಹೇಳ್ತಿದ್ರ್" ಎಂದೆ. ಅವರು ನಕ್ಕರು. "ಕಾಂಬ, ಬಪ್ಪು ವರ್ಷ ಎಂತ ಹೇಳ್ತ್ರ್ ಅಂದೇಳಿ." ಮರುವರ್ಷ ಆ ಬೌಲರುಗಳನ್ನು ಯಾರೂ ಕರೆಯಲಿಲ್ಲ. ಡ್ರೈವರನಿಗೆ ಅವರು ಮತ್ತೆ ಬಾಲ್ ಕೆರೆಯುವವರಾದರು.

2011ರಲ್ಲಿ ವಿಶ್ವಕಪ್ಪಿನ ಸೆಮಿಫೈನಲಿಗೆ ನಾವೂ ಅವರೂ ಎದುರಾದೆವು. ಮಧ್ಯಾಹ್ನಕ್ಕೇ ಹೆದ್ದಾರಿ ಖಾಲಿ. ಬೆಂಚಿನವರು ಶಾಸ್ತ್ರ ಮರೆತಿರಲಿಲ್ಲ, ಅಂಗಿ ಒಗೆಸಿ ಇಸ್ತ್ರಿ ಮಾಡಿಟ್ಟಿದ್ದರು. ನಾನು ಅದನ್ನು ಮೊಳೆಯಿಂದ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡೆ.

"ಎಲ್ಲಿಗ್ ಹೋಪ್ದ್ ಮಾರಾಯ? ಆಟ ಶುರು ಆತ್ತ್!" ಎಂದ ಟೈಲರ್.

"ಸಾಯ್ಬ್ರ ಮನಿಗೆ. ಅಲ್ಲೇ ಕೂಕಂತೆ" ಎಂದೆ. ಡ್ರೈವರ್ ತಲೆ ತಗ್ಗಿಸಿ ಚಪ್ಪಲಿಯ ಬಾರು ನೋಡತೊಡಗಿದ.

ಸಾಯ್ಬ್ರ ಮನೆ ಅಂಗಡಿಯ ಹಿಂದೆಯೇ. ರಸ್ತೆಗೆ ಮುಖ ಮಾಡಿದ ಒಂದು ಕಿಟಕಿ, ಕಿಟಕಿಯ ಎದುರಿಗೆ ಟಿವಿ. ನನ್ನನ್ನು ಕಂಡು ಆಶ್ಚರ್ಯಪಟ್ಟರು, ಖುಷಿಯೂ ಪಟ್ಟರು. ಅವರ ಹೆಂಡತಿ ಚಾ ತಂದಿಟ್ಟರು. ಕಪಾಟಿನ ಮೇಲೆ ಮಾಲೆ ಪಟಾಕಿಯ ಪೊಟ್ಟಣ ತಯಾರಿತ್ತು. ನಾನು ಮನಸ್ಸಿನಲ್ಲಿ ಯೋಜನೆ ಹಾಕಿಕೊಂಡು ಬಂದಿದ್ದೆ. ಅವರಿಗೆ ಹೇಳಲಾಗದ್ದನ್ನೆಲ್ಲ ಅಂಗಿ ಹಾಕಿಕೊಂಡು ನಾನೇ ಹೇಳಿಬಿಡುವುದು, ಅವರು ನಕ್ಕುಬಿಡುವುದು, ಅಲ್ಲಿಗೆ ಎಲ್ಲ ಸರಿಯಾಗುವುದು. ಚೀಲದಿಂದ ಅಂಗಿ ಹೊರತೆಗೆದು ಒಂದು ತೋಳು ತೂರಿಸಿದ್ದೆನಷ್ಟೇ.

"ಅದ್ ಕಳ್ಚ್ ಮಾರಾಯ" ಎಂದರು ಸಾಯ್ಬ್ರು. ದನಿ ಏರಿಸಲಿಲ್ಲ. "ಟೈಲರ್ ಅಂಗ್ಡಿಯಗೆ ನೀನ್ ಇದ್ ಹಾಯ್ಕಂಡ್ರೆ ತಮಾಷಿ. ನನ್ ಮನಿಯಗೆ ಹಾಯ್ಕಂಡ್ರೆ ತಮಾಷಿ ಆತಿಲ್ಲೆ."

ಕಿಟಕಿಯ ಹೊರಗೆ ಬಾವುಟ ಕಟ್ಟಿದ ಬೈಕೊಂದು ಹಾರ್ನ್ ಹೊಡೆಯುತ್ತ ಹೋಯಿತು. ನಾನು ಅಂಗಿಯನ್ನು ಚೀಲಕ್ಕೆ ತುರುಕಿ ಕುರ್ಚಿಯ ಕೆಳಗೆ ನೂಕಿದೆ. ಎದ್ದು ಹೊರಟುಬಿಡೋಣ ಎನಿಸಿತು, ಕಾಲು ತುಡಿಯುತ್ತಿತ್ತು. ಆದರೆ ಆವತ್ತು ಏಳಬಾರದೆಂದು ಹಟ ಹಿಡಿದು ಕೂತೆ. ನನ್ನ ಜೀವಮಾನದಲ್ಲಿ ನಾನು ಅಷ್ಟು ಹೊತ್ತು ಕೂತದ್ದು ಅದೇ ಮೊದಲು.

ನಮ್ಮವರು ಮೊದಲು ಆಡುತ್ತಿದ್ದರು. ನಡುವೆ ನಮ್ಮ ಒಂದು ವಿಕೆಟ್ ಬಿತ್ತು. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ ನಮ್ಮ ಎಡಗೈ ಬ್ಯಾಟ್ಸ್‌ಮನ್ ಒಳಗೆ ಬಂದ. ಅವರ ಎಡಗೈ ಬೌಲರ್ ಓಡಿ ಬಂದು ಎಸೆದ. ಚೆಂಡು ಬ್ಯಾಟಿನ ಬುಡಕ್ಕೇ ನುಗ್ಗಿ ಸ್ಟಂಪು ಕೆಡವಿತು. ಮೊದಲ ಎಸೆತಕ್ಕೇ. ಟಿವಿ ಮೌನವಾಯಿತು, ರಸ್ತೆಯೂ ಮೌನವಾಯಿತು. ಪಕ್ಕಕ್ಕೆ ನೋಡಿದೆ. ತೊಡೆಯ ಮೇಲಿದ್ದ ಸಾಯ್ಬ್ರ ಎಡಗೈ ತಿರುಗಿ, ಗಾಳಿಯಲ್ಲಿ ಹಾಗೇ ನಿಂತಿತ್ತು. ತುಟಿ ತೆರೆದಿತ್ತು.

ಅವರು ಎದ್ದರು. ಹೋಗಿ ಕಿಟಕಿಯ ಎರಡೂ ಬಾಗಿಲು ಎಳೆದು ಚಿಲಕ ಹಾಕಿದರು. ಬಂದು ನನ್ನ ಹತ್ತಿರ ಕೂತು, ಟಿವಿಯಲ್ಲಿ ಮತ್ತೆ ತೋರಿಸುತ್ತಿದ್ದ ಆ ಚೆಂಡಿನ ಮೇಲೆಯೇ ಕಣ್ಣಿಟ್ಟು ಪಿಸುಗುಟ್ಟಿದರು.

"ಕಂಡ್ಯಾ? ಎಂತಾ ಬುಡದ ಬಾಲ್ ಮಾರಾಯ! ಎಂತಾ ಬಾಲ್!"

ಕಣ್ಣಲ್ಲಿ ನೀರಿತ್ತು. ನಾನು ಹೆದ್ದಾರಿಯ ಪಕ್ಕದಲ್ಲಿ ಹಸಿರು ಅಂಗಿ ತೊಟ್ಟು ಗಂಟಲು ಹರಿಯುವಂತೆ ಕೂಗಿ, ಬೆನ್ನು ತಟ್ಟಿಸಿಕೊಂಡ ಮಾತು ಅದು. "ಹೌದ್ ಸಾಯ್ಬ್ರೇ" ಎಂದೆ.

ಮುಂದಿನವನು ಬ್ಯಾಟು ಹಿಡಿದು ಬರುವಷ್ಟರಲ್ಲಿ ಅವರು ಕಣ್ಣೊರೆಸಿಕೊಂಡು ಹೋಗಿ ಕಿಟಕಿ ತೆರೆದರು. ತುಂಬ ಹೊತ್ತು ಹಾಕಿಟ್ಟರೂ ಜನ ಯಾಕೆಂದು ಕೇಳುತ್ತಾರಲ್ಲ.